ಒಬ್ಬನಿಗಾಗಿ ಎಲ್ಲರಿಗೂ ತೊಂದರೆ ಏಕೆ?

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಿ ಎಂದು ಮಹಾರ್ ಜಾತಿಯ ಹುಡುಗನೊಬ್ಬ ಕೇಳಿದ. ಶಾಲೆಯವರು ಆಗದು ಎಂದರು. ಅವನು ಅಷ್ಟಕ್ಕೇ ಬಿಡದೆ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರದ ಉತ್ತರ ಇವತ್ತಿಗೂ ಓದುವಂತಿದೆ. ನ್ಯಾಯ ಅರ್ಜಿದಾರನ ಕಡೆಗೇ ಇದೆ ಎಂದು ಅದು ಒಪ್ಪಿತು. ಆದರೆ ಒಬ್ಬಿಬ್ಬರ ಸಲುವಾಗಿ ಹಿಂದಿನಿಂದ ಬಂದ ಕಟ್ಟುಪಾಡು ಮುರಿದರೆ ಉಳಿದವರಿಗೆ ಶಾಲೆಯೇ ಬೇಡವಾಗುತ್ತದೆ, ಆಗ ಅದನ್ನು ನಡೆಸಿ ಪ್ರಯೋಜನವಿಲ್ಲ ಎಂಬ ಕಾರಣ ಕೊಟ್ಟು ಅರ್ಜಿಯನ್ನು ಬದಿಗಿಟ್ಟಿತು. 1858ರಲ್ಲಿ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ಸಮಾನ ಎಂದು ಬರೆದರು. ಕಾಗದದ ಮೇಲೆ ಹುಡುಗ ಗೆದ್ದ. ಅದಾಗಿ ನಲವತ್ತು ವರ್ಷ ಕಳೆದ ಮೇಲೂ ಸತಾರೆಯ ಶಾಲೆಯಲ್ಲಿ ಅಂಬೇಡ್ಕರ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿಯೇ ಕೂರಬೇಕಾಗಿತ್ತು.

ಕಟ್ಟುಪಾಡು ಸಡಿಲವಾಯಿತು, ಆ ಉತ್ತರದ ತರ್ಕ ಸಾಯಲಿಲ್ಲ. ‘ನೀನು ಬೇಡ’ ಎಂದು ಈಗ ಯಾವ ಮಗುವಿಗೂ ಯಾರೂ ಹೇಳುವುದಿಲ್ಲ. ಹೇಳಲು ಕಾನೂನು ಬಿಡುವುದಿಲ್ಲ. ಬದಲಿಗೆ ‘ಬೇರೆ ಮಕ್ಕಳಿಗೆ ತೊಂದರೆಯಾಗುತ್ತೆ’, ‘ಪೇರೆಂಟ್ಸು ಒಪ್ಪಲ್ಲ’, ‘ನಮ್ಮ ಟೀಚರಿಗೆ ಅಭ್ಯಾಸ ಇಲ್ಲ’, ‘ಇವನೊಬ್ಬನಿಗೋಸ್ಕರ ಎಲ್ಲಾ ಬದಲಾಯಿಸೋಕಾಗುತ್ತಾ’ ಎನ್ನುತ್ತಾರೆ. ಹಿಂದುಳಿದ ದೇಶಗಳ ಶಿಕ್ಷಣದ ಬಗ್ಗೆ ಬರೆಯುವವರು ಬಡತನ, ಜಾತಿ, ಲಿಂಗ, ಅಂಗವೈಕಲ್ಯ, ಭಾಷೆ ಎಂದು ಅಡ್ಡಿಗಳ ಪಟ್ಟಿ ಕೊಡುವುದು ವಾಡಿಕೆ. ಪಟ್ಟಿಯಲ್ಲಿ ಸುಳ್ಳೇನಿಲ್ಲ. ಆದರೆ ಓದಿದವರಿಗೆ ಅಡ್ಡಿಯೆಲ್ಲ ಮಗುವಿನಲ್ಲೇ ಇದೆ ಎಂಬ ಭಾವನೆ ಬರುತ್ತದೆ. ನನಗೆ ಕಾಣುವುದು ಇಷ್ಟು: ಶಾಲೆ ಎಂಬ ಏರ್ಪಾಟನ್ನು ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಲಾಗಿದೆ. ಆ ಮಗು ವರ್ಷವಿಡೀ ಒಂದೇ ಊರಲ್ಲಿರುತ್ತದೆ, ಮನೆಯಲ್ಲಿ ಪಠ್ಯಪುಸ್ತಕದ ಭಾಷೆಯನ್ನೇ ಆಡುತ್ತದೆ, ಮೆಟ್ಟಿಲು ಹತ್ತುತ್ತದೆ, ತಿಂಡಿ ತಿಂದು ಬರುತ್ತದೆ, ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವ ಕೆಲಸ ಅದಕ್ಕಿಲ್ಲ, ಸಂಜೆ ಮನೆಯಲ್ಲಿ ಹೋಂವರ್ಕ್ ನೋಡುವವರಿದ್ದಾರೆ. ಈ ಅಳತೆಗೆ ಹೊಂದದ ಮಕ್ಕಳಿಗೆ ಒಂದೊಂದು ಯೋಜನೆ ಮಾಡುತ್ತೇವೆ, ಯೋಜನೆಗೊಂದು ಹೆಸರಿಡುತ್ತೇವೆ, ಶಾಲೆಯನ್ನು ಮಾತ್ರ ಮುಟ್ಟುವುದಿಲ್ಲ. ಭಾರತದಂಥ ದೇಶದಲ್ಲಿ ಲೆಕ್ಕ ಹಾಕಿದರೆ ಹೊಂದದ ಮಕ್ಕಳೇ ಹೆಚ್ಚು.

ಮಕ್ಕಳನ್ನು ಶಾಲೆಯ ಗೇಟಿನೊಳಗೆ ತರುವ ಮಟ್ಟಿಗೆ ಹೇಳುವುದಾದರೆ ಕಳೆದ ಮೂವತ್ತು ವರ್ಷಗಳಲ್ಲಿ ಆಗಿರುವ ಕೆಲಸ ದೊಡ್ಡದು. ಆಫ್ರಿಕಾದ ದೇಶಗಳು ಒಂದಾದ ಮೇಲೊಂದು ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದವು. ಮಲಾವಿ 1994ರಲ್ಲಿ, ಉಗಾಂಡ 1997ರಲ್ಲಿ, ಕೀನ್ಯ 2003ರಲ್ಲಿ. ಉಗಾಂಡದಲ್ಲಿ ಸುಮಾರು 30 ಲಕ್ಷವಿದ್ದ ದಾಖಲಾತಿ 50 ಲಕ್ಷ ದಾಟಿತು. ಕೀನ್ಯದಲ್ಲಿ 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. ಎಂಬತ್ತು ದಾಟಿದ ಅಜ್ಜನೊಬ್ಬ ಒಂದನೇ ಕ್ಲಾಸಿನಲ್ಲಿ ಬಂದು ಕೂತದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಶುಲ್ಕವೊಂದೇ ಎಷ್ಟು ದೊಡ್ಡ ಗೋಡೆಯಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೆ ಮಕ್ಕಳು ಬಂದ ವೇಗದಲ್ಲಿ ಕೋಣೆಗಳಾಗಲಿ ಮೇಷ್ಟ್ರುಗಳಾಗಲಿ ಬರಲಿಲ್ಲ. ಒಂದು ತರಗತಿಯಲ್ಲಿ ಎಪ್ಪತ್ತು, ನೂರು ಮಕ್ಕಳು. ಸ್ವಲ್ಪ ಅನುಕೂಲವಿದ್ದ ಕುಟುಂಬಗಳು ಮೆಲ್ಲಗೆ ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಒಯ್ದವು.

ನಮ್ಮಲ್ಲಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕು ಎಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಅಂದರೆ 1960ರ ಹೊತ್ತಿಗೆ. ಅದು ಹಕ್ಕಾಗಿ ಕಾಯ್ದೆಯ ರೂಪದಲ್ಲಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅರ್ಧ ಶತಮಾನ ತಡ. ಆರರಿಂದ ಹದಿನಾಲ್ಕರವರೆಗಿನ ಮಕ್ಕಳಲ್ಲಿ ಬಹುತೇಕ ಎಲ್ಲರ ಹೆಸರೂ ಈಗ ಯಾವುದಾದರೊಂದು ಹಾಜರಿ ಪುಸ್ತಕದಲ್ಲಿದೆ. ಹೆಸರಿದೆ ಎಂದರೆ ಓದು ಬರುತ್ತದೆ ಎಂದಲ್ಲ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2024ರಲ್ಲಿ ಹಳ್ಳಿಗಳ ಮೂರನೇ ತರಗತಿಯ ಮಕ್ಕಳ ಕೈಗೆ ಎರಡನೇ ತರಗತಿಯ ಪಾಠ ಕೊಟ್ಟಾಗ ಸರಾಗ ಓದಿದವರು ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಬಡ ಮತ್ತು ಮಧ್ಯಮ ಆದಾಯದ ದೇಶಗಳನ್ನೆಲ್ಲ ಸೇರಿಸಿ 2022ರಲ್ಲಿ ವಿಶ್ವಬ್ಯಾಂಕ್ ಹಾಕಿದ ಅಂದಾಜು ಇನ್ನೂ ಕೆಟ್ಟದ್ದು: ಹತ್ತು ವರ್ಷದ ನೂರು ಮಕ್ಕಳಲ್ಲಿ ಎಪ್ಪತ್ತು ಮಕ್ಕಳಿಗೆ ಸರಳವಾದ ಒಂದು ಬರಹ ಓದಿ ಅರ್ಥಮಾಡಿಕೊಳ್ಳಲು ಬರುವುದಿಲ್ಲ. ಇನ್ನು ಶಾಲೆಯ ಹೊರಗೇ ಉಳಿದ ಮಕ್ಕಳು ಮತ್ತು ತರುಣರು ಲೋಕದಲ್ಲಿ 27 ಕೋಟಿ ಎಂದು ಯುನೆಸ್ಕೊ 2025ರಲ್ಲಿ ಹೇಳಿದೆ.

ಹೊರಗಿರುವವರು ಯಾರು ಎಂದು ಎಣಿಸುವುದರಲ್ಲೇ ಒಂದು ಕಥೆಯಿದೆ. ಸತತ ಅರವತ್ತು ದಿನ ಬರದಿದ್ದರೆ ಮಾತ್ರ ಮಗು ಶಾಲೆ ಬಿಟ್ಟಂತೆ ಎಂಬುದು ಕರ್ನಾಟಕದಲ್ಲಿದ್ದ ಹಳೆಯ ಲೆಕ್ಕ. ಐವತ್ತೆಂಟನೇ ದಿನ ಒಮ್ಮೆ ಮುಖ ತೋರಿಸಿದರೆ ಸಾಕು, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. 2013ರಲ್ಲಿ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ನೋಡಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಮೇಲೆ ಇದು ಏಳು ದಿನಕ್ಕೆ ಇಳಿಯಿತು. ಅದೇ ಮಕ್ಕಳು, ಅದೇ ಊರು; ಸಂಖ್ಯೆ ಮಾತ್ರ ಬೇರೆ. ಇಲಾಖೆಯ ಅಂಕಿಅಂಶ ಓದುವಾಗ ಇದೊಂದು ನೆನಪಿರಬೇಕು.

ಗುಳೆ ಹೋಗುವವರ ಮಕ್ಕಳ ವಿಷಯಕ್ಕೆ ಬರೋಣ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ದಸರೆ ದಾಟಿದ ಮೇಲೆ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಬೆಂಗಳೂರಿಗೆ, ಕೆಲವರು ಪುಣೆ, ಮುಂಬಯಿಗೆ. ಅತ್ತ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಗೆ ಬಂದಿಳಿಯುತ್ತವೆ. ಅಲ್ಲಿ ಗಂಡ-ಹೆಂಡತಿ ಸೇರಿ ಒಂದು ಕುಡುಗೋಲು ಎಂಬ ಲೆಕ್ಕದಲ್ಲಿ ಮುಂಗಡ ಕೊಡುತ್ತಾರೆ. ಇಬ್ಬರೂ ಗದ್ದೆಯಲ್ಲಿದ್ದಾಗ ಗುಡಿಸಲಿನಲ್ಲಿರುವ ಕೂಸನ್ನು ನೋಡಿಕೊಳ್ಳುವುದು ಎಂಟೊಂಬತ್ತು ವರ್ಷದ ಅಕ್ಕನ ಕೆಲಸ. ಅವಳಾಡುವುದು ಮರಾಠಿ, ಹತ್ತಿರದ ಶಾಲೆ ಕನ್ನಡದ್ದು. ಹೋದರೂ ಏನು ಮಾಡಿಯಾಳು?

ಬೆಂಗಳೂರಿನ ಕಟ್ಟಡದ ಸೈಟಿನಲ್ಲಿ ತಗಡಿನ ಶೆಡ್ಡಿನೊಳಗಿರುವ ಯಾದಗಿರಿಯ ಹುಡುಗನಿಗೆ ಕಾನೂನಿನ ಪ್ರಕಾರ ಯಾವ ತಡೆಯೂ ಇಲ್ಲ. ಟಿ.ಸಿ. ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು, ವರ್ಷದ ನಡುವೆ ಬಂದನೆಂದು ಯಾರನ್ನೂ ವಾಪಸು ಕಳಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದುಳಿದಿದ್ದರೆ ಬೇರೆಯಾಗಿ ತರಬೇತಿ ಕೊಡಬೇಕು ಎಂದೂ ಹೇಳಿದೆ. ಆದರೆ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆಯ ತಂತ್ರಾಂಶದಲ್ಲಿ ಅವನು ಇನ್ನೂ ಊರಿನ ಶಾಲೆಯ ವಿದ್ಯಾರ್ಥಿ. ಅಲ್ಲಿಂದ ಬಿಡುಗಡೆಯಾಗದೆ ಇಲ್ಲಿ ಹೆಸರು ಏರುವುದಿಲ್ಲ, ಹೆಸರು ಏರದೆ ಪುಸ್ತಕ, ಸಮವಸ್ತ್ರದ ಲೆಕ್ಕ ಕೂಡುವುದಿಲ್ಲ. ಆಧಾರ್ ಕಾರ್ಡಿನಲ್ಲಿ ‘ಮಲ್ಲಪ್ಪ’, ಶಾಲೆಯ ದಾಖಲೆಯಲ್ಲಿ ‘ಮಲ್ಲಿಕಾರ್ಜುನ’ ಎಂದಿದ್ದರಂತೂ ಮುಗಿದೇ ಹೋಯಿತು. ಊರಿನ ಮುಖ್ಯೋಪಾಧ್ಯಾಯರಿಗೂ ಅವನನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ. ಹೀಗೆ ಅವನು ಯಾದಗಿರಿಯಲ್ಲಿ ಹಾಜರಿರುತ್ತಾನೆ, ಬೆಂಗಳೂರಿನಲ್ಲಿ ಇಟ್ಟಿಗೆ ಎಣಿಸುತ್ತಾನೆ. ಯುಗಾದಿಗೆ ಊರಿಗೆ ಮರಳಿದಾಗ ತರಗತಿ ಮೂವತ್ತು ಪಾಠ ಮುಂದೆ ಹೋಗಿರುತ್ತದೆ. ಅವನಿಗಾಗಿ ಪುಸ್ತಕವನ್ನು ಮತ್ತೆ ಮೊದಲಿನಿಂದ ತೆರೆಯುವವರಿಲ್ಲ. ಟೆಂಟ್ ಶಾಲೆ, ಋತುಮಾನದ ಹಾಸ್ಟೆಲ್ಲುಗಳಿವೆ. ಇರುವ ಕಡೆ ಅವು ಮಕ್ಕಳನ್ನು ಕಾಪಾಡಿವೆ ಎನ್ನುವುದು ನಿಜ, ಎಲ್ಲ ಕಡೆ ಇಲ್ಲ ಎನ್ನುವುದೂ ಅಷ್ಟೇ ನಿಜ.

ಇದಕ್ಕೆ ಪರಿಹಾರದಂಥ ಒಂದು ವಸ್ತು ನಮ್ಮಲ್ಲೇ ಹುಟ್ಟಿತ್ತು ಎಂಬುದು ಇದನ್ನೆಲ್ಲ ನೋಡುವಾಗ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ವಿಷಯ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮಷ್ಟಕ್ಕೆ ಕಲಿಯುವುದನ್ನು ನೋಡಿ ಬಂದರು. ಕೋಟೆ ತಾಲ್ಲೂಕೆಂದರೆ ಕಾಡಂಚು, ಜೇನುಕುರುಬರ ಹಾಡಿಗಳು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು. ಮಗು ಇವತ್ತು ಬಂದರೆ ನಾಳೆ ಬರುತ್ತದೆ ಎಂಬ ಭರವಸೆಯಿಲ್ಲ. ಅಂಥ ಕಡೆ ‘ಇವತ್ತು ಹದಿನಾರನೇ ಪಾಠ’ ಎಂದರೆ ನಡೆಯುವುದಿಲ್ಲ. ಹಾಗಾಗಿ ಅವರು ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದರು. ಕಾರ್ಡುಗಳ ಕ್ರಮ ತೋರಿಸುವ ‘ಕಲಿಕಾ ಏಣಿ’ಯನ್ನು ಗೋಡೆಗೆ ಅಂಟಿಸಿದರು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ. ಮಗು ಏಣಿಯಲ್ಲಿ ತಾನು ನಿಂತಿದ್ದ ಮೆಟ್ಟಿಲು ನೋಡಿಕೊಂಡು, ಆ ಚಿತ್ರದ ಕಾರ್ಡನ್ನು ತಟ್ಟೆಯಿಂದ ತಾನೇ ಎತ್ತಿಕೊಂಡು ಹೋಗಿ ಗುಂಪಿನಲ್ಲಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಡುವವರು, ಕೊನೆಯದರಲ್ಲಿ ತಾನೇ ಕಲಿಯುವುದು. ಗೋಡೆಯ ಕೆಳಭಾಗಕ್ಕೆಲ್ಲ ಕಪ್ಪು ಬಣ್ಣ. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಪ್ರತಿಯೊಬ್ಬರಿಗೂ ಒಂದು ತುಂಡು ಹಲಗೆ. ತಲೆಯ ಮೇಲೆ ಹಗ್ಗದ ಚಪ್ಪರ, ಅದರಲ್ಲಿ ಅವರೇ ಬರೆದ ಚಿತ್ರಗಳು. ಹದಿನೈದು ದಿನ ಜೇನಿಗೆ ಹೋಗಿ ಬಂದ ಮಗು ಹದಿನೈದು ದಿನ ಹಿಂದೆ ಬಿದ್ದಿತು ಎಂದಾಗುವುದಿಲ್ಲ. ಏಣಿ ಅದನ್ನು ಕಾದಿರುತ್ತದೆ.

ಇದೇ ‘ನಲಿ-ಕಲಿ’. ಇದಕ್ಕೆ ಇಪ್ಪತ್ತು ವರ್ಷ ಮೊದಲು, ಅತ್ತ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, ಕಾಫಿ ಬೆಳೆಯುವ ಗುಡ್ಡಗಾಡಿನ ಒಂದೇ ಕೋಣೆಯ ಶಾಲೆಗಳಲ್ಲಿ ‘ಎಸ್ಕ್ವೇಲಾ ನ್ವೇವಾ’ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಇಂಥದೇ ಪದ್ಧತಿ ಹುಟ್ಟಿತ್ತು. ಕುಯ್ಲಿನ ಕಾಲದಲ್ಲಿ ಅಲ್ಲಿಯೂ ಮಕ್ಕಳು ತೋಟದಲ್ಲಿರುತ್ತಿದ್ದರು. ಎರಡೂ ಕಡೆ ಬದಲಾದದ್ದು ಶಾಲೆ. ಸರ್ಕಾರ ನಲಿ-ಕಲಿಯನ್ನು 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ವಿಸ್ತರಿಸಿದಾಗ ಆಗಬೇಕಾದದ್ದು ಆಯಿತು. ಶಿಕ್ಷಕರು ಕೂತು ಕಟ್ಟಿದ್ದು ಸುತ್ತೋಲೆಯಾಗಿ ಬಂತು; ಪ್ರಗತಿ ನೋಟ ತುಂಬುವುದೇ ದೊಡ್ಡ ಕೆಲಸವಾಯಿತು; ‘ಬರೀ ಆಟ ಆಡಿಸ್ತಾರೆ, ಎ ಬಿ ಸಿ ಡಿ ಹೇಳಿಕೊಡಲ್ಲ’ ಎಂದು ಅಪ್ಪ-ಅಮ್ಮಂದಿರು ಮಕ್ಕಳನ್ನು ಪಕ್ಕದ ಕಾನ್ವೆಂಟಿನ ಹಳದಿ ಬಸ್ಸು ಹತ್ತಿಸಿದರು. ಆದರೂ ಇವತ್ತು ಒಳ್ಳೆಯ ನಲಿ-ಕಲಿ ಕೋಣೆಯೊಂದರ ಬಾಗಿಲಲ್ಲಿ ಹತ್ತು ನಿಮಿಷ ನಿಂತವರು ಅದನ್ನು ಮರೆಯಲಾರರು. ನಾಲ್ಕನೇ ತರಗತಿಗೆ ಹೋದ ಕೂಡಲೇ ಬೆಂಚು, ಬೋರ್ಡು, ‘ಇವತ್ತು ಹದಿನಾರನೇ ಪಾಠ’.

ಒಬ್ಬರೇ ಶಿಕ್ಷಕರಿರುವ ಶಾಲೆಗಳು ದೇಶದಲ್ಲಿ ಇನ್ನೂ 1 ಲಕ್ಷಕ್ಕೂ ಹೆಚ್ಚಿವೆ. ಆ ಒಬ್ಬರು ಚುನಾವಣೆ, ಗಣತಿ, ತರಬೇತಿ ಎಂದು ಹೋದ ದಿನ ಶಾಲೆಯೇ ರಜೆ. ಕರ್ನಾಟಕದಲ್ಲಿ ಖಾಲಿ ಹುದ್ದೆಗಳನ್ನು ವರ್ಷ ವರ್ಷವೂ ಅತಿಥಿ ಶಿಕ್ಷಕರಿಂದ ತುಂಬುತ್ತಾರೆ, ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಗೌರವಧನಕ್ಕೆ. ಗಾರೆ ಕೆಲಸಕ್ಕೆ ಹೋದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದನ್ನು ಅವರೇ ನಗುತ್ತ ಹೇಳುತ್ತಾರೆ. ಹುದ್ದೆಗಳು ಹೆಚ್ಚು ಖಾಲಿ ಬಿದ್ದಿರುವುದು ಕಲ್ಯಾಣ ಕರ್ನಾಟಕದಲ್ಲೇ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಭಾಗದ್ದೇ.

ಊಟದ ವಿಷಯಕ್ಕೆ ಹೆಚ್ಚು ವಾದ ಬೇಕಿಲ್ಲ. ತಮಿಳುನಾಡು ದಾರಿ ತೋರಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಬೇಯಿಸಿದ ಊಟ ಕೊಡಿ ಎಂದಿತು, 2002ರಲ್ಲಿ ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮಧ್ಯಾಹ್ನದ ಬಿಸಿಯೂಟ ಮಕ್ಕಳನ್ನು ಶಾಲೆಗೆ ಎಳೆದು ತಂದಷ್ಟು ಬೇರೆ ಯಾವ ಭಾಷಣವೂ ತಂದಿಲ್ಲ. 2021ರ ಕೊನೆಯಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದರು. ಮೊಟ್ಟೆ ತಿನ್ನದವರ ಮುಂದೆ ತಿಂದರೆ ಅವರಿಗೆ ತೊಂದರೆ ಎಂಬುದೂ ಒಂದು ವಾದ. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಕೊಟ್ಟು ಯೋಜನೆ ಮುಂದುವರಿಯಿತು ಎನ್ನುವುದು ಸಮಾಧಾನದ ಸಂಗತಿ. ಅಡುಗೆಯವರ ಜಾತಿಯ ಕಥೆ ಮಾತ್ರ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ದಲಿತ ಮಹಿಳೆ ಅಡುಗೆಗೆ ಬಂದಳೆಂದು ಮಕ್ಕಳು ಡಬ್ಬಿ ತರುವುದು, ಟಿ.ಸಿ. ಕಿತ್ತುಕೊಂಡು ಬೇರೆ ಶಾಲೆಗೆ ಹೋಗುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಅಧಿಕಾರಿಗಳು ಬರುತ್ತಾರೆ, ಸಭೆ ಮಾಡುತ್ತಾರೆ, ಫೋಟೊಗಾಗಿ ಕೂತು ಊಟ ಮಾಡುತ್ತಾರೆ. ಧಾರವಾಡದ ಹುಡುಗನ ಅರ್ಜಿ ಬಂದಾಗ ಬೊಂಬಾಯಿ ಸರ್ಕಾರ ಹೆದರಿದ್ದು ಮಕ್ಕಳು ಹೀಗೆ ಬಿಟ್ಟುಹೋಗುವುದಕ್ಕೇ. ಉಳಿದವರು ಬಿಟ್ಟು ಹೋಗುತ್ತಾರೆ ಎಂಬ ಬೆದರಿಕೆ ಸುಳ್ಳಾಗಿರಲಿಲ್ಲ. ಅದಕ್ಕೆ ಸರ್ಕಾರ ಮಣಿಯಬೇಕೆ ಎನ್ನುವುದಷ್ಟೇ ಆಗಲೂ ಪ್ರಶ್ನೆ, ಈಗಲೂ ಪ್ರಶ್ನೆ.

ಹೆಣ್ಣುಮಕ್ಕಳ ವಿಚಾರದಲ್ಲಿ ಹಿಂದುಳಿದ ದೇಶಗಳಿಂದ ಬಂದಿರುವ ಸುದ್ದಿ ಎರಡೂ ಬಗೆಯದು. ಬಾಂಗ್ಲಾದೇಶ 1994ರಿಂದ ಹೈಸ್ಕೂಲಿಗೆ ಹೋಗುವ ಹಳ್ಳಿಯ ಹುಡುಗಿಯರಿಗೆಲ್ಲ ವಿದ್ಯಾರ್ಥಿವೇತನ ಕೊಟ್ಟಿತು. ಮದುವೆ ಮಾಡಬಾರದು ಎಂಬುದು ಅದರ ಷರತ್ತುಗಳಲ್ಲೊಂದು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹೈಸ್ಕೂಲುಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಮೀರಿತು. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಭ್ಯಾಸ ಮಾಡಿದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿದ್ದು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದದ್ದು ಕಂಡಿತು; ಶಾಲೆ ದೂರವಿದ್ದ ಊರುಗಳಲ್ಲೇ ಲಾಭ ಹೆಚ್ಚು. ಕರ್ನಾಟಕವೂ ಅದೇ ಕಾಲಕ್ಕೆ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿ, ಕೋವಿಡ್ ಹೊತ್ತಿಗೆ ನಿಲ್ಲಿಸಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ಸು ಉಚಿತ. ಬಸ್ಸು ಬರುವ ಊರಾದರೆ ಸರಿ. ಬೆಳಗಿನ ಒಂದೇ ಬಸ್ಸು ಕಿಕ್ಕಿರಿದು, ನಿಲ್ಲಿಸದೆ ಹೋಗುವ ದಾರಿಗಳಲ್ಲಿ ಹುಡುಗಿಯರು ರಸ್ತೆಗೆ ಕೂತು ಧರಣಿ ಮಾಡುತ್ತಾರೆ. ಶಿಕ್ಷಣ ಇಲಾಖೆಯ ವರದಿಗಳು ಸಾರಿಗೆ ವೇಳಾಪಟ್ಟಿಯನ್ನು ಶಾಲೆಯ ಅಡ್ಡಿ ಎಂದು ಪಟ್ಟಿ ಮಾಡಿದ್ದನ್ನು ನಾನು ಕಂಡಿಲ್ಲ.

ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಿಂದಿನ ಸಮೀಕ್ಷೆಯಲ್ಲೂ ಸುಮಾರು ಇಷ್ಟೇ ಇತ್ತು, ಇಳಿದೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹುಡುಗನಿಗೆ ಮರುಪರೀಕ್ಷೆ, ಹುಡುಗಿಗೆ ಗಂಡು ನೋಡುವುದು ಎಂಬ ರೂಢಿಯನ್ನು ಬಾಲ್ಯವಿವಾಹ ನಿಷೇಧ ಕಾಯ್ದೆಯ ತಿದ್ದುಪಡಿ ಅಲುಗಿಸಿಲ್ಲ. 2022ರ ಫೆಬ್ರುವರಿ 5ರ ಸಮವಸ್ತ್ರದ ಆದೇಶ, ಉಡುಪಿಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಹಿಜಾಬ್ ಗಲಾಟೆ, ಆ ಮಾರ್ಚಿನ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನಮತ, ಇವುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ವರ್ಷ ಪರೀಕ್ಷಾ ಕೇಂದ್ರದ ಬಾಗಿಲಿನಿಂದ ವಾಪಸಾದ ಹುಡುಗಿಯರಿದ್ದರು ಎಂಬುದು ನಡೆದ ಸಂಗತಿ. ಸಿಯೆರಾ ಲಿಯೋನ್ 2020ರಲ್ಲಿ, ಟಾಂಜಾನಿಯ 2021ರಲ್ಲಿ ಬಸುರಿ ಹುಡುಗಿಯರು ಶಾಲೆಗೆ ಬರಬಾರದೆಂಬ ನಿಷೇಧವನ್ನು ತೆಗೆದವು. ಅಲ್ಲಿಯೂ ಹಿಂದೆ ಹೇಳುತ್ತಿದ್ದದ್ದು ‘ಬೇರೆ ಹುಡುಗಿಯರು ಕೆಡುತ್ತಾರೆ’ ಎಂದೇ. ಅಫ್ಘಾನಿಸ್ತಾನವಂತೂ 2021ರಿಂದ ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಬಾಗಿಲು ಹಾಕಿದೆ.

ಭಾಷೆಯ ಜಗಳ ನಮ್ಮಲ್ಲಿ ಕನ್ನಡ-ಇಂಗ್ಲಿಷಿನದ್ದು ಎಂದು ಎಲ್ಲರೂ ಭಾವಿಸಿದ್ದೇವೆ. ತಾಂಡಾದ ಆರು ವರ್ಷದ ಲಂಬಾಣಿ ಮಗುವಿಗೆ ಕನ್ನಡವೇ ಹೊಸ ಭಾಷೆ. ತುಳು, ಕೊಂಕಣಿ, ಉರ್ದು, ತೆಲುಗು ಮನೆಗಳ ಮಕ್ಕಳದ್ದೂ ಬೇರೆ ಬೇರೆ ಪ್ರಮಾಣದಲ್ಲಿ ಇದೇ ಸ್ಥಿತಿ. ಕರಾವಳಿಯಲ್ಲಿ ಕನ್ನಡ ಕಿವಿಗೆ ಬೀಳುವಷ್ಟು ತಾಂಡಾದಲ್ಲಿ ಬೀಳುವುದಿಲ್ಲ. ಒಡಿಶಾ 2006ರ ಸುಮಾರಿಗೆ ಬುಡಕಟ್ಟು ಭಾಷೆಗಳಲ್ಲೇ ಪ್ರಾಥಮಿಕ ಪಾಠ ಶುರುಮಾಡಿತು. ನಮ್ಮಲ್ಲಿ ಮಾತೃಭಾಷೆಯ ಪರವಾಗಿ ಮಾತಾಡುವವರು ಲಂಬಾಣಿಯ ಹೆಸರೆತ್ತಿದ್ದನ್ನು ನಾನು ಕೇಳಿದ್ದು ಕಡಿಮೆ. 1994ರ ಭಾಷಾ ನೀತಿಯ ಆದೇಶವನ್ನು ಒಪ್ಪದೆ, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಸಾಹಿತಿಗಳು ಪ್ರತಿಭಟಿಸಿದರು, ಪೋಷಕರು ಸಾಲು ನಿಂತರು. ಮಗು ತನಗೆ ಗೊತ್ತಿರುವ ಭಾಷೆಯಲ್ಲೇ ಮೊದಲು ಕಲಿಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸ್ವಂತ ಮಕ್ಕಳನ್ನು ಇಂಗ್ಲಿಷಿಗೆ ಸೇರಿಸಿ, ಕೂಲಿಯವನ ಮಗನಿಗೆ ಕನ್ನಡ ಉಳಿಸುವ ಹೊಣೆ ಹೊರಿಸಿದರೆ ಅವನು ನಂಬುವುದಿಲ್ಲ. ನಂಬದಿರುವುದು ಅವನ ತಪ್ಪೂ ಅಲ್ಲ.

ಅಂಗವಿಕಲ ಮಕ್ಕಳ ಬಗ್ಗೆ ನಮ್ಮ ಧೋರಣೆ ತಿಳಿಯಬೇಕಾದರೆ ಶಾಲೆಯ ರ್‍ಯಾಂಪ್ ನೋಡಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ಹಲವು ಶಾಲೆಗಳಲ್ಲಿ ಮೆಟ್ಟಿಲಿನ ಪಕ್ಕದ ಮೂಲೆಯಲ್ಲಿ ನಾಲ್ಕಡಿ ಉದ್ದಕ್ಕೆ ಸಿಮೆಂಟು ಸುರಿದಿರುತ್ತಾರೆ. ಮಳೆಗಾಲದಲ್ಲಿ ಗಟ್ಟಿಮುಟ್ಟಾದ ಹುಡುಗರು ಅದರ ಮೇಲೆ ಜಾರುವ ಆಟ ಆಡುತ್ತಾರೆ. ಗಾಲಿಕುರ್ಚಿಯ ಮಗುವನ್ನು ತಾಯಿ ಎತ್ತಿಕೊಂಡೇ ಒಳಗೆ ತರಬೇಕು. ಅವಳು ಸಂಜೆಯವರೆಗೂ ಜಗಲಿಯಲ್ಲಿ ಕಾಯಬೇಕು, ಏಕೆಂದರೆ ಶೌಚಾಲಯಕ್ಕೆ ಕರೆದೊಯ್ಯುವವರು ಬೇರೆ ಯಾರೂ ಇಲ್ಲ. ಶಾಲೆಗಳ ಮಾಹಿತಿ ತುಂಬುವ ಯು-ಡೈಸ್ ನಮೂನೆಯಲ್ಲಿ ‘ರ್‍ಯಾಂಪ್ ಇದೆ’ ಎಂಬಲ್ಲಿ ಗುರುತು ಬಿದ್ದಿರುತ್ತದೆ. 1994ರ ಸಲಮಾಂಕ ಘೋಷಣೆ ಎಲ್ಲ ಮಕ್ಕಳೂ ಊರಿನ ಶಾಲೆಯಲ್ಲೇ ಕೂಡಿ ಕಲಿಯಬೇಕು ಎಂದಿತು. ನಮ್ಮ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ನೋಡಿದರೆ ಕಾಣದ ವೈಕಲ್ಯಗಳ ಮಕ್ಕಳ ಪಾಡು ಇನ್ನೂ ಕಷ್ಟ. ಅಕ್ಷರ ತಿರುಗಿಸಿ ಓದುವ ಹುಡುಗ ‘ದಡ್ಡ’ನಾಗಿ, ಬುದ್ಧಿಬೆಳವಣಿಗೆ ನಿಧಾನವಾದ ಹುಡುಗಿ ‘ತೊಂದರೆ ಕೊಡುವವಳಾಗಿ’ ಹಿಂದಿನ ಬೆಂಚಿಗೆ, ಅಲ್ಲಿಂದ ಮನೆಗೆ. ಮನೆಯಲ್ಲಿರುವವರಿಗೆ ‘ಗೃಹಾಧಾರಿತ ಶಿಕ್ಷಣ’ ಎಂಬ ಏರ್ಪಾಟಿದೆ. ಇಡೀ ಬ್ಲಾಕಿಗೆ ಬೆರಳೆಣಿಕೆಯಷ್ಟಿರುವ ಸಂಪನ್ಮೂಲ ಶಿಕ್ಷಕರು ಬೈಕಿನಲ್ಲಿ ಊರೂರು ತಿರುಗಿ, ವಾರಕ್ಕೊಮ್ಮೆ ಸಾಧ್ಯವಾದರೆ ದೊಡ್ಡದು. ಖಾಸಗಿ ಶಾಲೆಗಳಂತೂ ಇಂಥ ಮಗುವಿನ ತಂದೆತಾಯಿಗೆ ಬಹಳ ವಿನಯದಿಂದ ಬೇರೆ ಶಾಲೆಯ ವಿಳಾಸ ಕೊಟ್ಟು ಕಳಿಸುತ್ತವೆ.

ಇಂಥ ಅಡ್ಡಿಗಳಿಗೆ ಕರ್ನಾಟಕದ್ದೇ ಆದ ಒಂದು ಉತ್ತರವಿದೆ, ಹಾಸ್ಟೆಲ್. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ಕಟ್ಟಿ ತಮ್ಮ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದ್ದು, ಮಠಗಳು ಉಚಿತ ಪ್ರಸಾದ ನಿಲಯ ತೆರೆದದ್ದು, ಜಾತಿಗೊಂದರಂತೆ ವಿದ್ಯಾರ್ಥಿ ನಿಲಯಗಳು ಎದ್ದದ್ದು, ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲಿ ಸರ್ಕಾರಿ ಹಾಸ್ಟೆಲ್ಲುಗಳು ತಾಲ್ಲೂಕು ತಾಲ್ಲೂಕಿಗೂ ಹೋದದ್ದು, ಆಮೇಲೆ ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬಂದದ್ದು, ಇದು ನೂರು ವರ್ಷಕ್ಕೂ ಮೀರಿದ ಕಥೆ. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ಒಂದು ಇಡೀ ತಲೆಮಾರು ಅಲ್ಲಿನ ಮುದ್ದೆ-ಸಾರು ತಿಂದು ಮೇಲೆ ಬಂತು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಹಾಸ್ಟೆಲ್ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಮನೆಯ ಕಷ್ಟವನ್ನು ನೇರ ಎದುರಿಸಿದ ಏರ್ಪಾಟು ಇದೊಂದೇ: ಊಟ, ದೀಪ, ಓದಲು ಜಾಗ, ಜೊತೆಗೆ ಓದುವವರು. ಆದರೆ ಇದು ಮಗುವನ್ನು ಊರಿನಿಂದ ಎತ್ತಿ ದೂರ ಇಟ್ಟು ಓದಿಸುವ ಉತ್ತರ. ಊರಿನ ಶಾಲೆ ಇದ್ದಂತೆಯೇ ಇರುತ್ತದೆ. ಜಾಣರಾದ ಕೆಲವರು ಪ್ರವೇಶ ಪರೀಕ್ಷೆ ಬರೆದು ವಸತಿ ಶಾಲೆಗೆ ಹೋಗುತ್ತಾರೆ. ಅವರು ಬಿಟ್ಟುಹೋದ ತರಗತಿ ಇನ್ನಷ್ಟು ಬಡವಾಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಅಡ್ಡಿಗೆ ಬರಬೇಕು. ಶ್ರೀಮಂತನ ಮಗ, ಗುಮಾಸ್ತನ ಮಗಳು, ಕೂಲಿಯವನ ಮಗ ಒಂದೇ ಶಾಲೆಗೆ ಹೋಗುವ ಸಮಾನ ಶಾಲಾ ಪದ್ಧತಿ ಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿತ್ತು. ಎಲ್ಲ ಸರ್ಕಾರಗಳೂ ಒಪ್ಪಿದವು, ಯಾವುದೂ ಮಾಡಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಉಳಿದದ್ದು ಅದರ ಒಂದು ತುಣುಕು: ಖಾಸಗಿ ಶಾಲೆಗಳು ಮೊದಲ ತರಗತಿಯ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮಕ್ಕಳಿಗೆ ಕೊಡಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಶಾಲಾ ಮಂಡಳಿಗಳ ವಾದಗಳಲ್ಲಿ ಹಣದ ಮಾತಿನ ಜೊತೆಗೇ ‘ಆ ಮಕ್ಕಳಿಗೇ ಕೀಳರಿಮೆಯಾಗುತ್ತದೆ’ ಎಂಬ ಕನಿಕರವೂ ಇತ್ತು. ಆ ಕನಿಕರವನ್ನು ನಾನು ನಂಬಲಾರೆ. ಆದರೂ ಈ ಕಲಮು ಹುಳುಕಿಲ್ಲದ್ದಲ್ಲ. ಸರ್ಕಾರ ತನ್ನದೇ ಶಾಲೆಯಿಂದ ಮಕ್ಕಳನ್ನು ತೆಗೆದು, ಶುಲ್ಕ ಕಟ್ಟಿ ಖಾಸಗಿಗೆ ಕಳಿಸುತ್ತಿದೆ ಎಂಬ ಆಕ್ಷೇಪಕ್ಕೆ ಅರ್ಥವಿತ್ತು. ಕರ್ನಾಟಕ ಆ ಆಕ್ಷೇಪವನ್ನೇ ಹಿಡಿದು 2018ರ ಕೊನೆಗೆ ನಿಯಮ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆ ಸೀಟು ಕೊಡಬೇಕಾಗಿಲ್ಲ. ಸರ್ಕಾರಿ ಶಾಲೆ ಇಲ್ಲದ ನೆರೆಹೊರೆ ಎಲ್ಲಿದೆ? ಲಕ್ಷ ಮೀರಿದ್ದ ಸೀಟುಗಳು ಮುಂದಿನ ವರ್ಷವೇ ತೀರಾ ಇಳಿದುಹೋದವು. ಹೈಕೋರ್ಟ್ ನಿಯಮವನ್ನು ಒಪ್ಪಿತು. ಉಳಿದ ಹಣವನ್ನೂ ಗಮನವನ್ನೂ ಸರ್ಕಾರಿ ಶಾಲೆಗೆ ಹಾಕಿದ್ದರೆ ಮಾತು ಬೇರೆಯಿತ್ತು. ಆದದ್ದು ಇಷ್ಟು: ಬೇರೆ ಬೇರೆ ವರ್ಗದ ಮಕ್ಕಳು ಒಂದು ಬೆಂಚಿನಲ್ಲಿ ಕೂರುತ್ತಿದ್ದ ಸಣ್ಣ ಕಿಂಡಿಯೊಂದು ಮುಚ್ಚಿತು.

2015ರಲ್ಲಿ ಅಲಹಾಬಾದ್ ಹೈಕೋರ್ಟ್ ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಧೀಶರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ವ್ಯವಸ್ಥೆ ಮಾಡಿ ಎಂದು ಉತ್ತರ ಪ್ರದೇಶಕ್ಕೆ ಆದೇಶಿಸಿತ್ತು. ಜಾರಿಯಾಗಲಿಲ್ಲ, ಆಗುತ್ತದೆಂದು ಯಾರೂ ಅಂದುಕೊಂಡಿರಲೂ ಇಲ್ಲ. ಆದರೆ ಆ ನ್ಯಾಯಪೀಠ ಕೈಯಿಟ್ಟ ಜಾಗ ಸರಿಯಾದದ್ದು. ಶೌಚಾಲಯಕ್ಕೆ ನೀರಿಲ್ಲ ಎಂದು ಬಿಇಒಗೆ ಫೋನು ಮಾಡಬಲ್ಲ, ಫೋನಿಗೆ ಉತ್ತರವೂ ಸಿಗುವ ತಂದೆತಾಯಿಗಳು ಸರ್ಕಾರಿ ಶಾಲೆಯಿಂದ ಹೊರಗೆ ಹೋಗಿ ಇಪ್ಪತ್ತು-ಮೂವತ್ತು ವರ್ಷವಾಯಿತು. ಉಳಿದವರು ದೂರು ಕೊಡಲು ಒಂದು ದಿನದ ಕೂಲಿ ಬಿಡಬೇಕಾದವರು. ಇವರಿಗೂ ದನಿ ಇರಲಿ ಎಂದೇ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ ಕರ್ನಾಟಕ 2001ರಲ್ಲಿ, ಬೇರೆ ಹಲವು ರಾಜ್ಯಗಳಿಗಿಂತ ಮೊದಲೇ, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಗಳನ್ನು ರಚಿಸಿತು. ಮುಂದೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧ ಭಾಗ ಹೆಂಗಸರು ಇರಬೇಕು ಎಂದಿತು. ಒಳ್ಳೆಯ ಕಾನೂನು. ಸಭೆ ನಡೆಯುವುದು ಮಾತ್ರ ಶಾಲೆಯ ಸಮಯದಲ್ಲಿ, ಕೆಲಸದ ದಿನ, ಬೆಳಗ್ಗೆ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ತಾಯಂದಿರು ಕಳೆ ಕೀಳುತ್ತಿರುತ್ತಾರೆ, ಇಲ್ಲವೇ ಕೂಲಿ ಕೆಲಸದಲ್ಲಿರುತ್ತಾರೆ. ನಡಾವಳಿ ಪುಸ್ತಕವನ್ನು ಸಂಜೆ ಯಾವುದಾದರೂ ಹುಡುಗನ ಕೈಯಲ್ಲಿ ಮನೆಮನೆಗೆ ಕಳಿಸಿ ಸಹಿಯೋ ಹೆಬ್ಬೆಟ್ಟೋ ಹಾಕಿಸುತ್ತಾರೆ. ಸಭೆಯನ್ನು ಸಂಜೆ ಏಳಕ್ಕೆ ಇಟ್ಟುಕೊಳ್ಳಲು ಯಾವ ಹೊಸ ಕಾಯ್ದೆಯೂ ಬೇಡ, ಯಾವ ಅನುದಾನವೂ ಬೇಡ.